ಜನರ ತಂದೆ: ಬಿಷಪ್ ಕೊಲೆನ್ಸೊ

ಜಾನ್ ವಿಲಿಯಂ ಕೊಲೆನ್ಸೊ 1814ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಜನಿಸಿದರು. ಗಣಿತದ ಪಠ್ಯಪುಸ್ತಕಗಳಿಂದ ಹೆಸರಾದ ಅವರು 1853ರಲ್ಲಿ ದಕ್ಷಿಣ ಆಫ್ರಿಕದ ನಟಾಲ್ ವಸಾಹತಿನ ಮೊದಲ ಆಂಗ್ಲಿಕನ್ ಬಿಷಪ್ ಆದರು. ಜುಲು ಭಾಷೆಯನ್ನು ಕಲಿತು ಅದರ ವ್ಯಾಕರಣವನ್ನೂ ನಿಘಂಟನ್ನೂ ರಚಿಸಿದರು.

ಬೈಬಲ್ ಅನುವಾದಕ್ಕೆ ನೆರವಾಗುತ್ತಿದ್ದ ಜುಲು ಸಹಾಯಕ ವಿಲಿಯಂ ಎನ್ಗಿಡಿ, ಜಲಪ್ರಳಯದ ಕಥೆ ನಿಜವೇ ಎಂದು ಕೇಳಿದರು. ಕೊಲೆನ್ಸೊ ಆ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. 1862ರಿಂದ ಅವರು ಪ್ರಕಟಿಸಿದ ಗ್ರಂಥವು ಬೈಬಲಿನ ಮೊದಲ ಐದು ಪುಸ್ತಕಗಳನ್ನು ಗಣಿತಜ್ಞನ ನಿಷ್ಠುರತೆಯಿಂದ ಪರೀಕ್ಷಿಸಿತು. ಕೇಪ್‌ಟೌನಿನ ಬಿಷಪ್ ರಾಬರ್ಟ್ ಗ್ರೇ ಕೊಲೆನ್ಸೊರನ್ನು ಪದಚ್ಯುತಗೊಳಿಸಿದರು. 1865ರಲ್ಲಿ ಪ್ರಿವಿ ಕೌನ್ಸಿಲ್ ಆ ತೀರ್ಪನ್ನು ಅಸಿಂಧುಗೊಳಿಸಿತು.

ಬಳಿಕ, ಬಂಧಿತ ನಾಯಕ ಲಂಗಲಿಬಲೆಲೆಯ ಪರ ನಿಂತು ಬಿಳಿಯರ ಸ್ನೇಹವನ್ನೂ ಕಳೆದುಕೊಂಡರು. 1879ರ ಜುಲು ಯುದ್ಧವನ್ನು ಅನ್ಯಾಯವೆಂದು ಖಂಡಿಸಿದರು. 1883ರಲ್ಲಿ ನಿಧನರಾದರು. ಚರ್ಚು ನೀಡಿದ ಪದವಿಗಿಂತ ಜುಲು ಜನರು ನೀಡಿದ ಹೆಸರೇ ಅವರ ಬಾಳಿಗೆ ಒಪ್ಪುತ್ತದೆ: ಸೊಬಾಂಟು, ಎಂದರೆ ಜನರ ತಂದೆ.