ಡಾಕ್ಟರ್ ರಾಬರ್ಟ್ ನೋಬಲ್ ಮತ್ತು ನಿತ್ಯಪುಷ್ಪ

ನಮ್ಮ ನಾಡಿನ ಹಿತ್ತಿಲುಗಳಲ್ಲಿ, ಹಾಳುಗೋಡೆಯ ಬಿರುಕುಗಳಲ್ಲಿ ಸಹ, ನೀರುಗೊಬ್ಬರಗಳ ಹಂಗಿಲ್ಲದೆ ವರ್ಷವಿಡೀ ಅರಳುವ ಒಂದು ಹೂವುಂಟು. ಕೆಲವರು ಅದನ್ನು ನಿತ್ಯಪುಷ್ಪವೆನ್ನುತ್ತಾರೆ, ಕೆಲವರು ಕಾಶಿಕಣಗಿಲೆಯೆನ್ನುತ್ತಾರೆ. ದನಕರುಗಳು ಅದನ್ನು ಮೂಸಿನೋಡಿ ಬಿಟ್ಟುಹೋಗುತ್ತವೆ. ಪೂಜೆಗೆ ಬೇರೆ ಹೂ ಸಿಕ್ಕದ ದಿನ ಮಾತ್ರ ಅದಕ್ಕೆ ಬೆಲೆ. ಇಷ್ಟು ಅಗ್ಗವಾದ ಈ ಗಿಡದ ಎಲೆಯಿಂದ ಅರ್ಬುದರೋಗಕ್ಕೆ, ಎಂದರೆ ಕ್ಯಾನ್ಸರಿಗೆ, ಮದ್ದು ಹೊರಟಿತೆಂಬುದನ್ನು ಅನೇಕರು ಕೇಳಿ ಬಲ್ಲರು. ಅದಕ್ಕೆ ಕಾರಣರಾದ ಮಹನೀಯರೊಬ್ಬರ ಜೀವನವನ್ನು ಬಲ್ಲವರು ನಮ್ಮಲ್ಲಿ ವಿರಳ. ನಾನು ಚರಿತ್ರೆಯ ವಿದ್ಯಾರ್ಥಿ. ರಸಾಯನಶಾಸ್ತ್ರ ನನ್ನ ವಿಷಯವಲ್ಲ. ಆದರೂ ಹಳ್ಳಿಯ ನಾಟಿಮದ್ದಿನ ನಡುವೆ ಬೆಳೆದು ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರು ಆ ಜೀವನದಿಂದ ಕಲಿಯತಕ್ಕದ್ದೊಂದಿದೆ ಎಂದು ತೋರಿದ್ದರಿಂದ ಈ ಲೇಖನಕ್ಕೆ ಕೈಹಾಕಿದ್ದೇನೆ.

ರಾಬರ್ಟ್ ಲೇಂಗ್ ನೋಬಲ್ ಹುಟ್ಟಿದ್ದು 1910ರಲ್ಲಿ, ಕೆನಡಾ ದೇಶದ ಟೊರಾಂಟೊ ನಗರದಲ್ಲಿ. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿಯೇ ವೈದ್ಯಶಾಸ್ತ್ರವನ್ನು ಓದಿ 1934ರಲ್ಲಿ ಪದವಿ ಪಡೆದರು. ಅನಂತರ ಇಂಗ್ಲೆಂಡಿಗೆ ತೆರಳಿ, ಲಂಡನ್ ವಿಶ್ವವಿದ್ಯಾನಿಲಯದಿಂದ 1937ರಲ್ಲಿ ಡಾಕ್ಟರೇಟ್ ಗಳಿಸಿದರು. ರೋಗಿಗಳನ್ನು ನೋಡಿ ಹಣ ಸಂಪಾದಿಸುವ ದಾರಿ ತೆರೆದಿದ್ದರೂ ಅವರು ಆರಿಸಿಕೊಂಡದ್ದು ಪ್ರಯೋಗಶಾಲೆಯನ್ನು.

ಅವರ ಹಿರಿಯಣ್ಣ ಕ್ಲಾರ್ಕ್ ನೋಬಲ್ ಕೂಡ ವೈದ್ಯರು. ಈ ಅಣ್ಣನ ವಿಚಾರವನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. 1921ರ ಬೇಸಗೆಯಲ್ಲಿ ಬ್ಯಾಂಟಿಂಗ್ ಎಂಬ ತರುಣ ವೈದ್ಯರು ಟೊರಾಂಟೊದಲ್ಲಿ ಸಿಹಿಮೂತ್ರರೋಗಕ್ಕೆ ಮದ್ದು ಹುಡುಕತೊಡಗಿದಾಗ, ಅವರ ಸಹಾಯಕ್ಕೆಂದು ಇಬ್ಬರು ವಿದ್ಯಾರ್ಥಿಗಳನ್ನು ಗೊತ್ತುಮಾಡಿದರು. ಒಬ್ಬರು ಚಾರ್ಲ್ಸ್ ಬೆಸ್ಟ್, ಇನ್ನೊಬ್ಬರು ಕ್ಲಾರ್ಕ್ ನೋಬಲ್. ಮೊದಲು ಯಾರು ಹೋಗಬೇಕೆಂದು ಇಬ್ಬರೂ ನಾಣ್ಯ ಚಿಮ್ಮಿ ನೋಡಿದರೆಂದೂ ಬೆಸ್ಟರು ಗೆದ್ದರೆಂದೂ ವೈದ್ಯಚರಿತ್ರೆಯಲ್ಲಿ ಪ್ರಸಿದ್ಧವಾದ ಕಥೆಯಿದೆ. ಮೊದಲು ಹೋದ ಬೆಸ್ಟರೇ ಕಡೆಯವರೆಗೂ ಉಳಿದರು. ಇನ್‌ಸುಲಿನ್ ಸಿಕ್ಕಿತು. ಲೋಕವೆಲ್ಲ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬ ಹೆಸರುಗಳನ್ನು ಜೋಡಿಯಾಗಿ ಉಚ್ಚರಿಸಿತು. ಕ್ಲಾರ್ಕ್ ನೋಬಲ್ ಎಂಬ ಹೆಸರು ಅಂಚಿನಲ್ಲಿ ಉಳಿಯಿತು.

ತಮ್ಮನಾದ ರಾಬರ್ಟರು ಮಾಂಟ್ರಿಯಲ್ ನಗರದ ಮೆಗಿಲ್ ವಿಶ್ವವಿದ್ಯಾನಿಲಯದಲ್ಲಿ ಕಾಲಿಪ್ ಎಂಬ ವಿಜ್ಞಾನಿಯ ಬಳಿ ಕೆಲಸಕ್ಕೆ ಸೇರಿದರು. ಇನ್‌ಸುಲಿನ್ನನ್ನು ಮನುಷ್ಯರಿಗೆ ಕೊಡಬಹುದಾದಷ್ಟು ಶುದ್ಧಿಗೊಳಿಸಿದವರು ಇದೇ ಕಾಲಿಪ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಇಬ್ಬರೂ ಗಾಯಗೊಂಡವರ ದೇಹಕ್ಕೆ ತಟ್ಟುವ ಆಘಾತವನ್ನು ಕುರಿತು ಪರಿಶೋಧನೆ ನಡೆಸಿದರು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಕಾಲಿಪ್ಪರು ಕೆನಡಾದ ಒಂಟಾರಿಯೊ ಪ್ರಾಂತದಲ್ಲಿಯೇ ಲಂಡನ್ ಎಂಬ ಹೆಸರಿನ ಊರಿನ ವಿಶ್ವವಿದ್ಯಾನಿಲಯಕ್ಕೆ ಹೋದಾಗ ನೋಬಲ್ಲರೂ ಜೊತೆಯಲ್ಲಿ ಹೋದರು.

1952ರಲ್ಲಿ ಕ್ಲಾರ್ಕ್ ನೋಬಲ್ಲರಿಗೆ ಜಮೈಕಾ ದ್ವೀಪದ ವೈದ್ಯರೊಬ್ಬರಿಂದ ಒಂದು ಲಕೋಟೆ ಬಂತು. ಅದರೊಳಗೆ 25 ಎಲೆಗಳಿದ್ದುವು. ಅವು ನಮ್ಮ ನಿತ್ಯಪುಷ್ಪದ ಎಲೆಗಳೇ. ಈ ಗಿಡದ ತವರು ಮಡಗಾಸ್ಕರ್; ಅಲ್ಲಿಂದ ಅದು ಹಡಗು ಹತ್ತಿ ಬೆಚ್ಚನೆಯ ಸೀಮೆಗಳಿಗೆಲ್ಲ ಹರಡಿತು. ಇನ್‌ಸುಲಿನ್ ಸಿಕ್ಕದ ಜಮೈಕಾದ ಬಡವರು ಸಿಹಿಮೂತ್ರಕ್ಕೆ ಈ ಎಲೆಯ ಕಷಾಯವನ್ನು ಕುಡಿಯುತ್ತಿದ್ದರು. ಅದರಲ್ಲಿ ಹುರುಳೇನಾದರೂ ಇದೆಯೇ ಎಂದು ನೋಡುವುದಕ್ಕಾಗಿ ಎಲೆಗಳು ಬಂದಿದ್ದುವು. ಸ್ವತಃ ಪರೀಕ್ಷಿಸುವ ಅನುಕೂಲವಿಲ್ಲದ ಅಣ್ಣ ಅವನ್ನು ತಮ್ಮನ ಕೈಗೆ ದಾಟಿಸಿದರು.

ನೋಬಲ್ಲರು ಎಲೆಯ ಸಾರವನ್ನು ಇಲಿಗಳಿಗೆ ಕುಡಿಸಿ ನೋಡಿದರು. ರಕ್ತದಲ್ಲಿನ ಸಕ್ಕರೆ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಬಳಿಕ ಸಾರವನ್ನು ಸೂಜಿಯ ಮೂಲಕ ರಕ್ತಕ್ಕೆ ಸೇರಿಸಿದರು. ಆಗಲೂ ಸಕ್ಕರೆ ಇಳಿಯಲಿಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ಇಲಿಗಳೇ ಸತ್ತುಹೋದುವು. ಕೇಳಿದ ಪ್ರಶ್ನೆಗೆ ಇಲ್ಲವೆಂಬ ಉತ್ತರ ಬಂದಂತಾಯಿತು. ಎಲೆಗಳನ್ನು ಕಸದ ಬುಟ್ಟಿಗೆ ಹಾಕಿ, ನಾಟಿಮದ್ದು ಸುಳ್ಳೆಂದು ಒಂದು ಸಾಲು ಬರೆದು ಮುಗಿಸಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ.

ನೋಬಲ್ಲರು ಹಾಗೆ ಮಾಡದೆ, ಇಲಿಗಳು ಸತ್ತದ್ದೇಕೆ ಎಂದು ಕೇಳಿದರು. ನನ್ನ ದೃಷ್ಟಿಯಲ್ಲಿ ಅವರ ಜೀವನದ ತಿರುಳೆಲ್ಲ ಈ ಒಂದು ಪ್ರಶ್ನೆಯಲ್ಲಿದೆ. ಸತ್ತ ಇಲಿಗಳನ್ನು ಕೊಯ್ದು ನೋಡಿದಾಗ ಒಳಗೆಲ್ಲ ಕೀವುಗಟ್ಟಿದ್ದುದು ಕಂಡಿತು. ಸಾಮಾನ್ಯವಾಗಿ ಇಲಿಗಳಿಗೆ ಅಷ್ಟಾಗಿ ಕೇಡುಮಾಡದ ಸೂಕ್ಷ್ಮಜೀವಿಗಳು ಅವನ್ನು ಕೊಂದಿದ್ದುವು. ದೇಹದ ಕಾವಲು ಭಟರಾದ ರಕ್ತದ ಬಿಳಿಯ ಕಣಗಳು ತೀರ ಕಡಿಮೆಯಾಗಿದ್ದುದೇ ಅದಕ್ಕೆ ಕಾರಣವಾಗಿತ್ತು. ಅವು ಹುಟ್ಟುವ ಎಲುಬಿನ ಮಜ್ಜೆಯೂ ಸೊರಗಿತ್ತು. ಹಾಗಾದರೆ ಈ ಎಲೆಯಲ್ಲಿ ಬಿಳಿಯ ಕಣಗಳನ್ನು ತಗ್ಗಿಸುವ ವಸ್ತುವೊಂದಿದೆ. ಬಿಳಿಯ ಕಣಗಳು ಎಲ್ಲೆಯಿಲ್ಲದೆ ಬೆಳೆಯುವ ರಕ್ತದ ಕ್ಯಾನ್ಸರಿಗೆ ಅದನ್ನು ಬಳಸಬಹುದಲ್ಲವೇ? ವಿಷವೆಂದು ಕಂಡದ್ದರಲ್ಲಿ ಮದ್ದಿನ ಸುಳಿವು ದೊರೆತದ್ದು ಹೀಗೆ.

ಸುಳಿವನ್ನು ವಸ್ತುವಾಗಿ ಹಿಡಿಯಲು ರಸಾಯನಶಾಸ್ತ್ರಜ್ಞರು ಬೇಕಾಗಿತ್ತು. 1954ರಲ್ಲಿ ಇಂಗ್ಲೆಂಡಿನಿಂದ ಬಂದ ಚಾರ್ಲ್ಸ್ ಬಿಯರ್ ಆ ಕೆಲಸವನ್ನು ವಹಿಸಿಕೊಂಡರು. ಎಲೆಯಲ್ಲಿ ಹತ್ತಾರು ಬಗೆಯ ಕ್ಷಾರಗಳು ಬೆರೆತಿರುತ್ತವೆ. ಬೇಕಾದ ಒಂದಾದರೋ ತೀರ ಅತ್ಯಲ್ಪ. ಒಂದು ಗ್ರಾಂ ಮದ್ದಿಗೆ ಸುಮಾರು 500 ಕಿಲೋಗ್ರಾಂ ಒಣ ಎಲೆ ಬೇಕೆಂದು ಲೆಕ್ಕ ಹೇಳುತ್ತಾರೆ. ಬಿಯರರು ಸಾರವನ್ನು ಸೋಸಿ ಸೋಸಿ, ಭಾಗಭಾಗವಾಗಿ ಬೇರ್ಪಡಿಸಿ, ಪ್ರತಿಯೊಂದು ಭಾಗವನ್ನೂ ಇಲಿಗಳ ಮೇಲೆ ಪರೀಕ್ಷಿಸುತ್ತ ಹೋದರು. ಕೊನೆಗೆ ಕೈಗೆ ಬಂದ ಶುದ್ಧವಾದ ಹರಳಿಗೆ ಇಂದು ವಿನ್‌ಬ್ಲಾಸ್ಟಿನ್ ಎಂಬ ಹೆಸರಿದೆ. 1958ರಲ್ಲಿ ನ್ಯೂಯಾರ್ಕಿನ ವಿದ್ವತ್ಸಭೆಯೊಂದರಲ್ಲಿ ಅವರು ಇದನ್ನು ಪ್ರಕಟಪಡಿಸಿದರು.

ಅಮೆರಿಕೆಯ ಲಿಲ್ಲಿ ಎಂಬ ಔಷಧ ಕಂಪೆನಿಯ ವಿಜ್ಞಾನಿಗಳೂ ಸಿಹಿಮೂತ್ರದ ಅದೇ ನಾಟಿಮದ್ದಿನ ಜಾಡು ಹಿಡಿದು ಇದೇ ಗಿಡವನ್ನು ಶೋಧಿಸುತ್ತಿದ್ದರು. ಎರಡು ತಂಡಗಳೂ ಕೈಜೋಡಿಸಿದ ಮೇಲೆ ಕೆಲಸ ಬೇಗ ಸಾಗಿತು. ಅದೇ ಎಲೆಯಿಂದ ಕಂಪೆನಿಯವರು ವಿನ್‌ಕ್ರಿಸ್ಟಿನ್ ಎಂಬ ಇನ್ನೊಂದು ಮದ್ದನ್ನು ಹೊರತೆಗೆದರು. 1963ರಲ್ಲಿ ಅಮೆರಿಕೆಯಲ್ಲಿ ಅದಕ್ಕೆ ಸರಕಾರದ ಒಪ್ಪಿಗೆ ದೊರೆಯಿತು.

ಈ ಮದ್ದುಗಳ ಕಾರ್ಯವಿಧಾನವನ್ನು ನಾನು ತಿಳಿದುಕೊಂಡ ಮಟ್ಟಿಗೆ ಹೇಳುತ್ತೇನೆ. ಒಂದು ಜೀವಕೋಶ ಎರಡಾಗಿ ಒಡೆಯುವಾಗ ಅದರೊಳಗೆ ಸಣ್ಣ ಸಣ್ಣ ನಾಳಗಳು ಹುರಿಗೊಂಡು, ವಂಶತಂತುಗಳನ್ನು ಎರಡು ಕಡೆಗೂ ಸಮನಾಗಿ ಎಳೆಯುತ್ತವೆ. ಈ ಮದ್ದು ಆ ನಾಳಗಳು ಕಟ್ಟಿಕೊಳ್ಳದಂತೆ ತಡೆಯುತ್ತದೆ. ಒಡೆಯಲಾರದ ಕೋಶ ಸಾಯುತ್ತದೆ. ಕ್ಯಾನ್ಸರಿನ ಕೋಶಗಳು ಬಿಡುವಿಲ್ಲದೆ ಒಡೆಯುವುದರಿಂದ ಅವಕ್ಕೆ ಪೆಟ್ಟು ಹೆಚ್ಚು. ಆದರೆ ಮಜ್ಜೆಗೂ ಕೂದಲಿನ ಬುಡಕ್ಕೂ ನರಗಳಿಗೂ ಸಹ ಪೆಟ್ಟು ತಪ್ಪದು. ಆದುದರಿಂದಲೇ ಮಿಲಿಗ್ರಾಮಿನ ಲೆಕ್ಕದಲ್ಲಿ ಅಳೆದು, ವೈದ್ಯರ ಕಣ್ಣೆದುರಿನಲ್ಲಿ, ರಕ್ತನಾಳದ ಮೂಲಕವೇ ಅದನ್ನು ಕೊಡಬೇಕು. ಹಾಜ್‌ಕಿನ್ ರೋಗದಲ್ಲಿ ವಿನ್‌ಬ್ಲಾಸ್ಟಿನ್ನೂ, ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ವಿನ್‌ಕ್ರಿಸ್ಟಿನ್ನೂ ಬೇರೆ ಮದ್ದುಗಳ ಜೊತೆ ಸೇರಿ ಅಸಂಖ್ಯಾತ ಜನರನ್ನು ಉಳಿಸಿವೆ. 1950ರ ಸುಮಾರಿಗೆ ರಕ್ತದ ಕ್ಯಾನ್ಸರ್ ತಗುಲಿದ ಮಗುವಿಗೆ ಸಾವೆಂಬುದು ಬಹುಮಟ್ಟಿಗೆ ನಿಶ್ಚಿತವಾಗಿತ್ತು. ಇಂದು ಮುಂದುವರಿದ ದೇಶಗಳಲ್ಲಿ ಅಂಥ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳು ಬದುಕುತ್ತಿದ್ದಾರೆ.

ಇಲ್ಲಿ ನನ್ನ ಮನೆಯ ವಿಚಾರವೊಂದನ್ನು ಹೇಳಲು ಅನುಮತಿ ಬೇಡುತ್ತೇನೆ. ನನ್ನ ದೊಡ್ಡಮ್ಮನಿಗೆ ಎದೆಯಲ್ಲಿ ಗಂಟೊಂದು ಕಾಣಿಸಿಕೊಂಡಿತು. ನಿತ್ಯಪುಷ್ಪದ ಎಲೆಯಿಂದಲೇ ಡಾಕ್ಟರುಗಳು ಮದ್ದು ಮಾಡುತ್ತಾರೆಂದು ಯಾರೋ ಹೇಳಿದರು. ಹಿತ್ತಿಲಲ್ಲಿ ಗಿಡವಿತ್ತು, ಪಟ್ಟಣದ ಆಸ್ಪತ್ರೆ ದೂರವಿತ್ತು, ಕೈಯಲ್ಲಿ ಕಾಸಿರಲಿಲ್ಲ. ಆರು ತಿಂಗಳು ಎಲೆಯನ್ನು ಅರೆದು ಕುಡಿದರು. ಆಸ್ಪತ್ರೆಗೆ ಹೋಗುವ ವೇಳೆಗೆ ಕಾಲ ಮೀರಿತ್ತು. ಹೇಳಿದವರ ಮಾತಿನಲ್ಲಿ ಅರ್ಧ ಸತ್ಯವಿದ್ದಿತು. ಎಲೆಯೊಳಗೆ ಮದ್ದಿದೆ, ನಿಜ. ಆದರೆ ಎಲೆಯೇ ಮದ್ದಲ್ಲ. ಆ ಎರಡರ ನಡುವೆ ನೋಬಲ್ ಮತ್ತು ಬಿಯರ್ ಸವೆಸಿದ ಆರು ವರ್ಷಗಳ ದಾರಿಯಿದೆ. ನನ್ನ ದೊಡ್ಡಮ್ಮನಿಗೆ ಓದುಬರಹ ಬರುತ್ತಿರಲಿಲ್ಲ. ಈ ಅಂತರವನ್ನು ತಿಳಿಸಿ ಹೇಳುವವರು ನಮ್ಮ ಕೇರಿಯಲ್ಲಿ ಒಬ್ಬರೂ ಇರಲಿಲ್ಲ.

1960ರಲ್ಲಿ ನೋಬಲ್ಲರು ಕೆನಡಾದ ಪಶ್ಚಿಮ ತೀರದ ವ್ಯಾಂಕೂವರ್ ನಗರಕ್ಕೆ ಹೋಗಿ, ಅಲ್ಲಿಯ ವಿಶ್ವವಿದ್ಯಾನಿಲಯದ ಕ್ಯಾನ್ಸರ್ ಸಂಶೋಧನ ಕೇಂದ್ರದ ನಿರ್ದೇಶಕರಾದರು. ಬಿಯರರೂ ಅವರ ಸಂಗಡ ನಡೆದರು. 1975ರಲ್ಲಿ ನಿವೃತ್ತರಾದರು. 1988ರಲ್ಲಿ ಕೆನಡಾ ಸರಕಾರ ಅವರಿಗೆ ಆರ್ಡರ್ ಆಫ್ ಕೆನಡಾ ಎಂಬ ಗೌರವವನ್ನಿತ್ತಿತು. 1990ರ ಡಿಸೆಂಬರಿನಲ್ಲಿ ತಮ್ಮ 80ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅಣ್ಣನ ಕೈತಪ್ಪಿದ ಕೀರ್ತಿ ಅಣ್ಣನ ಕೈಯಿಂದಲೇ ತಮ್ಮನಿಗೆ ಬಂದದ್ದು ವಿಧಿಯ ವಿಚಿತ್ರವೆನ್ನಬೇಕು. 2022ರಲ್ಲಿ ವಿಜ್ಞಾನಿಗಳು ಈ ಮದ್ದಿನ ಮೂಲವಸ್ತುಗಳನ್ನು ಹುದುಗುಬರಿಸುವ ಯೀಸ್ಟಿನಲ್ಲಿಯೇ ತಯಾರಿಸಿ ತೋರಿಸಿದ್ದಾರೆ. ಅವರು ಹೊರಟದ್ದು ನೋಬಲ್ಲರು ತೆರೆದ ಬಾಗಿಲಿನಿಂದಲೇ.

ಕಷಾಯ ಕಾಸಿ ಕುಡಿದ ಜಮೈಕಾದ ಬಡವರ ಹೆಸರುಗಳನ್ನು ಚರಿತ್ರೆ ಬರೆದಿಟ್ಟಿಲ್ಲ. ಅವರ ನಂಬಿಕೆ ತಪ್ಪಿದ್ದರೂ ಅವರ ಎಲೆ ಬರಿಯ ಎಲೆಯಾಗಿರಲಿಲ್ಲ. ನೋಬಲ್ಲರು ಆ ನಂಬಿಕೆಯನ್ನು ಕಣ್ಣುಮುಚ್ಚಿ ಒಪ್ಪಲೂ ಇಲ್ಲ, ಮೂಗುಮುರಿದು ತಳ್ಳಲೂ ಇಲ್ಲ. ಪರೀಕ್ಷಿಸಿದರು. ಪರೀಕ್ಷೆ ಎದುರಾಡಿದಾಗ ಮತ್ತೂ ಒಂದು ಪ್ರಶ್ನೆ ಕೇಳಿದರು. ಪದವಿ ಪಡೆದು ಊರಿಗೆ ಮರಳುವ ನಾವು ಹಿರಿಯರ ಮದ್ದನ್ನು ಹೀಯಾಳಿಸುವುದೂ ಸಲ್ಲ, ಹೊಗಳಿ ಸುಮ್ಮನಾಗುವುದೂ ಸಲ್ಲ. ಗಂಟು ಕಂಡವರನ್ನು ಮೊದಲು ಆಸ್ಪತ್ರೆಗೆ ಕರೆದೊಯ್ಯುವಷ್ಟು ವಿವೇಕ ನಮ್ಮಲ್ಲಿರಲಿ. ಹಿತ್ತಿಲ ಗಿಡದ ಗುಣವನ್ನು ಸೋಸಿ ನೋಡುವ ತಾಳ್ಮೆ, ಮುಂದೆ ಓದಲಿರುವ ನಮ್ಮ ತಮ್ಮತಂಗಿಯರಲ್ಲಿ ಯಾರಿಗಾದರೂ ಬರಲಿ.