ಗಣಿತಾಚಾರ್ಯ ಮಹಾವೀರಾಚಾರ್ಯರು: ವ್ಯಾಪಾರದ ಮೂಲ ಪಾಠ ಬರೆದ ಜೈನ ವಿದ್ವಾಂಸರು

ಕಲಬುರಗಿ ನಗರದಿಂದ ಸುಮಾರು 40 ಕಿ.ಮೀ. ದೂರದಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡವಿದೆ. ಸೇಡಂ ತಾಲ್ಲೂಕಿನ ಈ ಊರೇ ಒಂಬತ್ತನೆಯ ಶತಮಾನದ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಇಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನು ಆಚಾರ್ಯ ಜಿನಸೇನರ ಶಿಷ್ಯ. ಅವನ ದೀರ್ಘ ಆಳ್ವಿಕೆಯಲ್ಲಿ ಬೆಳಗಿದ ಜೈನ ವಿದ್ವಾಂಸರಲ್ಲಿ ಮಹಾವೀರಾಚಾರ್ಯರು ಒಬ್ಬರು. ಕ್ರಿ.ಶ. 850ರ ಸುಮಾರಿನಲ್ಲಿ ಅವರು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ' ಇಂದಿಗೂ ವಿದ್ವಾಂಸರ ಅಧ್ಯಯನದಲ್ಲಿದೆ.

ಆಚಾರ್ಯರು ತಮ್ಮ ಬಗ್ಗೆ ಏನನ್ನೂ ಬರೆದುಕೊಳ್ಳಲಿಲ್ಲ. ಗ್ರಂಥದ ಆರಂಭದಲ್ಲಿ ಭಗವಾನ್ ಮಹಾವೀರರಿಗೆ ವಂದಿಸಿ, ಸ್ಯಾದ್ವಾದವನ್ನು ಅನುಸರಿಸುವ ಅರಸನನ್ನು ಹರಸುತ್ತಾರೆ. ಕಡಲಿನಿಂದ ರತ್ನವನ್ನೂ ಚಿಪ್ಪಿನಿಂದ ಮುತ್ತನ್ನೂ ಆಯುವಂತೆ, ಪೂರ್ವಾಚಾರ್ಯರ ಜ್ಞಾನಸಾಗರದಿಂದ ಸ್ವಲ್ಪ ಸಾರವನ್ನಷ್ಟೇ ತೆಗೆದಿದ್ದೇನೆ ಎಂದು ವಿನಯದಿಂದ ಹೇಳುತ್ತಾರೆ. ಅಡುಗೆ, ವೈದ್ಯ, ಸಂಗೀತ, ಛಂದಸ್ಸು, ವಾಸ್ತು, ಅರ್ಥಶಾಸ್ತ್ರ ಎಲ್ಲಕ್ಕೂ ಗಣಿತವೇ ಆಧಾರ ಎಂಬುದು ಅವರ ನಿಲುವು.

ಅವರ ಕಾಲದ ವ್ಯಾಪಾರ

ಆಚಾರ್ಯರ ಕಾಲದಲ್ಲಿ ಮಾನ್ಯಖೇಟ ಹೊರಜಗತ್ತಿಗೆ ಅಪರಿಚಿತವಾಗಿರಲಿಲ್ಲ. ಉತ್ತರ ಕೊಂಕಣವನ್ನು ರಾಷ್ಟ್ರಕೂಟರ ಸಾಮಂತರಾದ ಶಿಲಾಹಾರರು ಆಳುತ್ತಿದ್ದರು. ಪಶ್ಚಿಮ ಕರಾವಳಿಯ ಬಂದರುಗಳಿಗೆ ಅರಬ್ ವರ್ತಕರ ಹಡಗುಗಳು ಬರುತ್ತಿದ್ದವು. ಸುಲೈಮಾನ್ ಎಂಬ ವರ್ತಕನ ಹೆಸರಿನಲ್ಲಿ ಉಳಿದಿರುವ 851ರ ವೃತ್ತಾಂತವು ಬಾಗ್ದಾದಿನ ಖಲೀಫ, ಚೀನದ ದೊರೆ ಮತ್ತು ರೂಮಿನ ಚಕ್ರವರ್ತಿಯ ಜೊತೆಗೆ ರಾಷ್ಟ್ರಕೂಟ ಅರಸನನ್ನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಎಣಿಸಿತು. ಅರಬರು ಅವನನ್ನು 'ಬಲ್ಹರಾ' ಎಂದು ಕರೆಯುತ್ತಿದ್ದರು.

ಒಂದೊಂದು ನಾಡಿಗೆ ಒಂದೊಂದು ತೂಕ, ಒಂದೊಂದು ಅಳತೆ, ಒಂದೊಂದು ನಾಣ್ಯ ಇದ್ದ ಕಾಲವದು. ಲೆಕ್ಕ ತಿಳಿಯದವನು ಮೋಸ ಹೋಗುವುದು ಸುಲಭವಾಗಿತ್ತು.

ಗ್ರಂಥದಲ್ಲಿರುವ ಪಾಠಗಳು

ಗ್ರಂಥದಲ್ಲಿ ಒಂಬತ್ತು ಅಧ್ಯಾಯಗಳಿವೆ. ಮೊದಲನೆಯದರಲ್ಲಿ ಧಾನ್ಯ, ಚಿನ್ನ, ಬೆಳ್ಳಿ ಮತ್ತು ಇತರ ಲೋಹಗಳ ಅಳತೆ-ತೂಕಗಳ ಕೋಷ್ಟಕವಿದೆ. ವ್ಯಾಪಾರಕ್ಕೆ ಮುನ್ನ ಮಾನ ತಿಳಿಯಬೇಕು ಎಂಬುದೇ ಅಲ್ಲಿನ ಕ್ರಮ. ತ್ರೈರಾಶಿಕ ಅಧ್ಯಾಯವು ಇಷ್ಟು ಹಣಕ್ಕೆ ಇಷ್ಟು ಶುಂಠಿ ಅಥವಾ ಹಿಪ್ಪಲಿ ಬಂದರೆ ಅಷ್ಟು ಹಣಕ್ಕೆ ಎಷ್ಟು ಬರುತ್ತದೆ ಎಂಬಂತಹ ಲೆಕ್ಕಗಳಿಂದ ಸಾಗಿ, ಸರಕಿಗೆ ಸರಕು ಬದಲಿಸುವ ವಿಧಾನವನ್ನೂ ಕಲಿಸುತ್ತದೆ.

ಮಿಶ್ರಕ ಅಧ್ಯಾಯದಲ್ಲಿ ಅಸಲು, ಬಡ್ಡಿ ಮತ್ತು ಅವಧಿಯ ಲೆಕ್ಕವಿದೆ. ಬಂಡವಾಳಕ್ಕೆ ತಕ್ಕಂತೆ ಪಾಲುದಾರರಿಗೆ ಲಾಭ ಹಂಚುವ ನಿಯಮವಿದೆ. ಚಿನ್ನದ ಶುದ್ಧತೆಯ ಲೆಕ್ಕವೂ ಇಲ್ಲೇ ಬರುತ್ತದೆ. ಅಂದು ಅಪ್ಪಟ ಚಿನ್ನಕ್ಕೆ 16 ವರ್ಣ. ಉದಾಹರಣೆಗೆ 10 ವರ್ಣದ 4 ತೊಲ ಮತ್ತು 15 ವರ್ಣದ 6 ತೊಲ ಚಿನ್ನವನ್ನು ಸೇರಿಸಿ ಕರಗಿಸಿದರೆ 13 ವರ್ಣದ 10 ತೊಲ ಚಿನ್ನ ಬರುತ್ತದೆ. ಹಲವು ನಾಡಿನ ಚಿನ್ನ ಕೈಗೆ ಬರುವ ವರ್ತಕನಿಗೆ ಇದಕ್ಕಿಂತ ಉಪಯುಕ್ತ ವಿದ್ಯೆ ಇನ್ನೊಂದಿಲ್ಲ.

ಅವರ ಒಂದು ಲೆಕ್ಕ ಬಹಳ ಪ್ರಸಿದ್ಧ. ಮೂವರು ವರ್ತಕರು ದಾರಿಯಲ್ಲಿ ಬಿದ್ದ ಹಣದ ಚೀಲವನ್ನು ಕಾಣುತ್ತಾರೆ. ಚೀಲ ಸಿಕ್ಕರೆ ತನ್ನ ಹಣ ಉಳಿದಿಬ್ಬರ ಹಣದ ಎರಡರಷ್ಟಾಗುತ್ತದೆ ಎಂದು ಮೊದಲನೆಯವನು, ಮೂರರಷ್ಟೆಂದು ಎರಡನೆಯವನು, ಐದರಷ್ಟೆಂದು ಮೂರನೆಯವನು ಹೇಳುತ್ತಾನೆ. ಚೀಲದಲ್ಲಿ 15, ವರ್ತಕರ ಬಳಿ ಕ್ರಮವಾಗಿ 1, 3, 5 ಎಂದಿಟ್ಟರೆ ಲೆಕ್ಕ ಸರಿಹೋಗುತ್ತದೆ. ಆದರೆ ಬಿದ್ದ ವಸ್ತುವನ್ನು ಶ್ರಾವಕನು ತೆಗೆದುಕೊಳ್ಳಬಾರದು ಎನ್ನುತ್ತದೆ ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ. ಲೆಕ್ಕ ಬಲ್ಲವನಿಗೆ ವ್ರತವೂ ತಿಳಿದಿರಬೇಕು.

ತತ್ತ್ವಾರ್ಥಸೂತ್ರವು ಅಚೌರ್ಯ ವ್ರತದ ಅತಿಚಾರಗಳನ್ನು ಹೇಳುವಾಗ ಕಳವಿನ ಮಾಲು ಕೊಳ್ಳುವುದು, ರಾಜ್ಯದ ಕಾನೂನು ಮೀರಿ ವ್ಯಾಪಾರ ಮಾಡುವುದು, ತೂಕ-ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದು, ಕಲಬೆರಕೆ ಅಥವಾ ನಕಲಿ ಮಾಲು ಮಾರುವುದನ್ನು ಸೇರಿಸಿದೆ. ಇಂದು ದೇಶ ದೇಶಗಳ ನಡುವಿನ ವ್ಯಾಪಾರ ಒಪ್ಪಂದಗಳು ತಡೆಯಲು ಯತ್ನಿಸುವುದೂ ಇವನ್ನೇ.

ಗ್ರಂಥ ಹರಡಿದ ಬಗೆ

ಆಚಾರ್ಯರ ಎಲ್ಲ ಮಾತೂ ಉಳಿಯಲಿಲ್ಲ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದದ್ದು ಸರಿಯಲ್ಲ. ಆದರೆ ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಗುರುತಿಸಿದ್ದು ಅವರ ಹಿರಿಮೆ. ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದನು. 12ನೆಯ ಶತಮಾನದಲ್ಲಿ ಜೈನ ಕವಿ ರಾಜಾದಿತ್ಯನು ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದನು. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಗ್ರಂಥವು ಮದರಾಸಿನಲ್ಲಿ ಪ್ರಕಟವಾಯಿತು. ಕನ್ನಡ ಅನುವಾದವನ್ನು ಹೊಂಬುಜ ಜೈನ ಮಠದ ಗ್ರಂಥಮಾಲೆ ಹೊರತಂದಿದೆ.

ಕಲಬುರಗಿ ಮತ್ತು ಕಮಲಾಪುರದಲ್ಲಿ ಇಂದು

ಆಚಾರ್ಯರ ಪಾಠದ ಅಗತ್ಯ ಈ ನೆಲದಲ್ಲಿ ಇಂದಿಗೂ ಇದೆ. ಕಲಬುರಗಿಯ ಗಂಜಿಗೆ ಬರುವ ತೊಗರಿಯ ಬೆಲೆಯನ್ನು ಇಲ್ಲಿನ ಮಳೆಯೊಂದೇ ನಿರ್ಧರಿಸುವುದಿಲ್ಲ. ಮ್ಯಾನ್ಮಾರ್, ಮೊಜಾಂಬಿಕ್, ಟಾಂಜಾನಿಯಾದಿಂದ ಬರುವ ತೊಗರಿ, ಡಾಲರಿನ ದರ, ಆಮದು ಸುಂಕ ಎಲ್ಲವೂ ಅದರಲ್ಲಿ ಸೇರುತ್ತವೆ. ಹೊರದೇಶದಲ್ಲಿ ಒಂದು ಟನ್ನಿಗೆ 800 ಡಾಲರ್, ಒಂದು ಡಾಲರಿಗೆ 80 ರೂಪಾಯಿ ಎಂದಿಟ್ಟುಕೊಂಡರೆ ಕ್ವಿಂಟಲಿಗೆ 6,400 ರೂಪಾಯಿ. ಅದರ ಮೇಲೆ ಸಾಗಣೆ, ಸುಂಕವಿದ್ದರೆ ಅದೂ ಸೇರುತ್ತದೆ. ಡಾಲರ್ 85 ರೂಪಾಯಿಗೆ ಏರಿದರೆ ಅದೇ ತೊಗರಿ 6,800 ಆಗುತ್ತದೆ. ಇದು ಅಪ್ಪಟ ತ್ರೈರಾಶಿಕ. ಈ ಲೆಕ್ಕ ಬಲ್ಲ ರೈತನು ಮಾಲು ಮಾರಬೇಕೋ ಕಾಯಬೇಕೋ ಎಂಬುದನ್ನು ತಿಳಿದು ನಿರ್ಧರಿಸಬಲ್ಲ. ತಿಳಿಯದವನು ಇನ್ನೊಬ್ಬರು ಹೇಳಿದ ಬೆಲೆಗೆ ಒಪ್ಪಬೇಕಾಗುತ್ತದೆ.

ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಹುಮನಾಬಾದ್ ರಸ್ತೆಯ ಕಮಲಾಪುರದ ಕೆಂಪು ಬಾಳೆಹಣ್ಣಿಗೂ ಆ ಮಾನ್ಯತೆ ಇದೆ. ಬೇರೆಡೆ ಬೆಳೆದದ್ದನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ ಎಂಬುದೇ ಇದರ ತಿರುಳು. ನಕಲಿಯನ್ನು ಅಸಲಿಯೆಂದು ಮಾರಬಾರದೆಂಬ ಶ್ರಾವಕ ನಿಯಮಕ್ಕೂ ಇದಕ್ಕೂ ದೂರವಿಲ್ಲ.

ಅಂಗಡಿ, ದಾಲ್ ಮಿಲ್, ಹೊಲ ಯಾವುದೇ ಇರಲಿ, ಮಕ್ಕಳಿಗೆ ವ್ಯವಹಾರ ಕಲಿಸುವ ಮನೆಗಳಲ್ಲಿ ಸರಿಯಾದ ಲೆಕ್ಕ ಮತ್ತು ಸುಳ್ಳಿಲ್ಲದ ತಕ್ಕಡಿ ಎರಡನ್ನೂ ಒಟ್ಟಿಗೆ ಕಲಿಸಬೇಕು. ಮಳಖೇಡದ ಶ್ರೀ ನೇಮಿನಾಥ ಬಸದಿಯ ದರ್ಶನಕ್ಕೆ ಹೋಗುವ ಕುಟುಂಬಗಳು, ಆ ಮಾನ್ಯಖೇಟದ ಕಾಲದ ಗಣಿತಾಚಾರ್ಯರ ಹೆಸರನ್ನೂ ಮಕ್ಕಳಿಗೆ ಹೇಳಿಕೊಡಲಿ.