ಪ್ಲೇಗಿನ ಲಸಿಕೆಯ ಹಾಫ್ಕಿನ್ನರು

ನನ್ನ ತಂಗಿಗೆ ಏಳು ತಿಂಗಳಾಗಿದ್ದಾಗ ನಾಯಿಕೆಮ್ಮು ಬಂದಿತ್ತು. ಅಪ್ಪ ಅವ್ವ ಗೋವಾಕ್ಕೆ ಗುಳೆ ಹೋಗಿದ್ದರು. ಊರಲ್ಲಿ ಒಂದು ಚುಚ್ಚುಮದ್ದಾಗಿತ್ತು. ಉಳಿದೆರಡು ಅಲೆದಾಟದಲ್ಲಿ ತಪ್ಪಿದ್ದವು. ಕೆಮ್ಮಿ ಕೆಮ್ಮಿ ಮುಖ ನೀಲಿಗಟ್ಟುತ್ತಿದ್ದ ಕೂಸನ್ನು ಅವ್ವ ರಾತ್ರಿಯೆಲ್ಲ ಎದೆಗವಚಿಕೊಂಡು ಕೂತಿರುತ್ತಿದ್ದಳು. ಕೂಸು ಉಳಿಯಿತು. ಮುಂದೆ ಕಾಲೇಜಿಗೆ ಬಂದ ಮೇಲೆ ಲಸಿಕೆಗಳ ಇತಿಹಾಸವನ್ನು ಓದತೊಡಗಿದಾಗ ನಮ್ಮ ಹುಬ್ಬಳ್ಳಿಯ ಹೆಸರೇ ಅಲ್ಲಿ ಎದುರಾಯಿತು. ಜೊತೆಗೆ ವಾಲ್ಡೆಮಾರ್ ಹಾಫ್ಕಿನ್ ಎಂಬ ಮಹನೀಯರದೂ.

ಹಾಫ್ಕಿನ್ನರು 1860ರಲ್ಲಿ ಒಡೆಸ್ಸಾ ನಗರದ ಯಹೂದಿ ಮನೆತನವೊಂದರಲ್ಲಿ ಜನಿಸಿದರು. ಓದಿದ್ದು ಪ್ರಾಣಿಶಾಸ್ತ್ರ; ವೈದ್ಯ ಪದವಿ ಅವರಿಗಿರಲಿಲ್ಲ. ಈ ಕೊರತೆಯನ್ನು ವೈದ್ಯರನೇಕರು ಕೊನೆಯವರೆಗೂ ಮರೆಯಲಿಲ್ಲವೆಂದು ತೋರುತ್ತದೆ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ 1892ರಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದು ಕಲಕತ್ತೆಯ ಬಡಕೇರಿಗಳಲ್ಲಿಯೂ ಅಸ್ಸಾಮಿನ ಚಹಾ ತೋಟಗಳಲ್ಲಿಯೂ ಅದನ್ನು ಹಾಕಿದರು. ತೋಟದ ಕೂಲಿಗಳು ದೂರದೂರದಿಂದ ದುಡಿಯಲು ಬಂದವರು. ಲಸಿಕೆಯನ್ನಾದರೋ ಕೆಲದಿನಗಳ ಅಂತರದಲ್ಲಿ ಎರಡು ಸಲ ಹಾಕಬೇಕಿತ್ತು. ಇಂದು ಇಲ್ಲಿದ್ದು ನಾಳೆ ಬೇರೆಡೆ ಹೋಗುವವರನ್ನು ಎರಡನೆಯ ಸಲ ಹುಡುಕುವುದು ಎಂಥ ಕಷ್ಟವೆಂದು ನಮ್ಮ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಹಾಫ್ಕಿನ್ನರು ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಕುಳಿತು, ರೋಗಾಣುಗಳನ್ನು ಕಾಯಿಸಿ ಕೊಂದು, ಮೂರು ನಾಲ್ಕು ತಿಂಗಳಲ್ಲೇ ಲಸಿಕೆ ತಯಾರಿಸಿದರು. 1897ರ ಜನವರಿ 10ರಂದು ಇದನ್ನೂ ಮೊದಲು ತಾವೇ ಹಾಕಿಸಿಕೊಂಡರು. ಅನಂತರ ಬೈಕುಲಾ ಸೆರೆಮನೆಯಲ್ಲಿ, ತಾವಾಗಿಯೇ ಮುಂದೆ ಬಂದ ಕೈದಿಗಳಿಗೆ ಹಾಕಲಾಯಿತು.

1898ರಲ್ಲಿ ಪ್ಲೇಗು ಹುಬ್ಬಳ್ಳಿಯನ್ನು ಹೊಕ್ಕಿತು. ರೈಲು ಕಾರ್ಖಾನೆಯ ಊರು, ನಿತ್ಯ ಹೋಗಿಬರುವ ಜನ. ಲ್ಯೂಮನ್ ಎಂಬ ಸೈನ್ಯದ ವೈದ್ಯಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಹಾಫ್ಕಿನ್ನರ ಲಸಿಕೆ ಹಾಕಿಸಿಕೊಂಡರು. ಊರಿನ ಜನಸಂಖ್ಯೆಯೇ ಆಗ ಐವತ್ತು ಸಾವಿರದ ಆಸುಪಾಸು! ಸೂಜಿಯನ್ನೇ ಕಾಣದಿದ್ದ ಆ ಜನ ತೋಳು ಚಾಚಿದ್ದು ನನಗೆ ಇಂದಿಗೂ ಸೋಜಿಗ.

ಆದರೆ 1902ರಲ್ಲಿ ಪಂಜಾಬಿನ ಮುಲ್ಕೋವಾಲದಲ್ಲಿ ಒಂದೇ ಸೀಸೆಯ ಲಸಿಕೆ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ತಪ್ಪೆಲ್ಲ ಹಾಫ್ಕಿನ್ನರ ತಲೆಗೆ ಬಂತು, ಹುದ್ದೆ ಹೋಯಿತು. ಸೀಸೆ ಕೆಟ್ಟದ್ದು ಪ್ರಯೋಗಶಾಲೆಯಲ್ಲಲ್ಲ, ಹಳ್ಳಿಯಲ್ಲಿ ಅದನ್ನು ತೆರೆದಾಗ ಎಂಬ ವಾದವನ್ನು ವಿಜ್ಞಾನಿಗಳು ಎತ್ತಿ ಹಿಡಿದು, ಅವರು ನಿರ್ದೋಷಿಯೆನಿಸಲು 1907 ಬರಬೇಕಾಯಿತು. ಮುಂಬಯಿಯ ಪ್ರಯೋಗಶಾಲೆ ಮಾತ್ರ ಮತ್ತೆ ಅವರ ಕೈಗೆ ಬರಲಿಲ್ಲ. 1925ರಲ್ಲಿ ಅದಕ್ಕೆ ಅವರ ಹೆಸರಿಟ್ಟರು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನಿನಲ್ಲಿ ತೀರಿಕೊಂಡರು.

ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಕೊಡುವ ನಾಯಿಕೆಮ್ಮಿನ ಲಸಿಕೆಯೂ ಹಾಫ್ಕಿನ್ನರದರಂತೆ ಸತ್ತ ರೋಗಾಣುಗಳದೇ. ಕೂಸಿಗೆ 6, 10, 14 ವಾರಗಳಾದಾಗ ಮೂರು ಸಲ, ಮುಂದೆ ಒಂದೂವರೆ ವರ್ಷದ ಹೊತ್ತಿಗೂ ಐದಾರು ವರ್ಷಕ್ಕೂ ಮತ್ತೊಮ್ಮೆ ಹಾಕಿಸಬೇಕು. ನಡುವೆ ತಪ್ಪಿದರೆ ಮೊದಲಿನಿಂದ ಆರಂಭಿಸಬೇಕಿಲ್ಲ. ಬಿಟ್ಟಲ್ಲಿಂದ ಮುಂದುವರಿಸಬಹುದು, ಪರರಾಜ್ಯದಲ್ಲಿಯೂ ಕೂಡ. ಇದು ಅಂದು ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಈ ವರ್ಷ ಸುಗ್ಗಿ ಮುಗಿಸಿ ಕಾಕಾನ ಮನೆಯವರು ಗೋವಾಕ್ಕೆ ಹೊರಟು ನಿಂತಾಗ, ಅವ್ವ ಗಂಟುಮೂಟೆ ಬಿಚ್ಚಿಸಿ ಕೂಸಿನ ತಾಯಿ ಕಾರ್ಡು ಎಲ್ಲಿದೆಯೆಂದು ಹುಡುಕಿಸಿದಳು.